1957 ಹೆಸರು ಬದಲಾದ ವರ್ಷ

ಅಂಟಾರ್ಕ್ಟಿಕಾದ ಲ್ಯಾಂಬರ್ಟ್ ಹಿಮನದಿ 1957ರಲ್ಲಿ ಪತ್ತೆಯಾಯಿತು, ಅದರ ಹಳೆಯ ನಕ್ಷೆಯ ಅಳತೆ ಹೊಂದುವುದಿಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಆದರೆ 1957 ಆಸ್ಟ್ರೇಲಿಯಾ ತನ್ನ ನಕ್ಷಾ ಇಲಾಖೆಯ ನಿರ್ದೇಶಕ ಬ್ರೂಸ್ ಲ್ಯಾಂಬರ್ಟ್ ಅವರ ಹೆಸರನ್ನು ಅದಕ್ಕೆ ಇಟ್ಟ ವರ್ಷ. ಅಮೆರಿಕದ ಭೂಗೋಳಜ್ಞ ಜಾನ್ ರಾಸ್ಕೋ 1946-47ರ ಹೈಜಂಪ್ ಕಾರ್ಯಾಚರಣೆಯ (ಅಮೆರಿಕ ನೌಕಾಪಡೆಯ ಅಂಟಾರ್ಕ್ಟಿಕಾ ಯಾತ್ರೆ) ವಿಮಾನಚಿತ್ರಗಳನ್ನು ನೋಡಿ 1952ರಲ್ಲೇ ಇದನ್ನು ಗುರುತಿಸಿ, ಚಿತ್ರ ತೆಗೆದ ವಿಮಾನತಂಡದ ಸಂಕೇತನಾಮವಾದ 'ಬೇಕರ್ ತ್ರೀ'ಯನ್ನೇ ಇಟ್ಟಿದ್ದರು. (ನನಗಂತೂ ಆ ಹೆಸರೇ ಚಂದ!)

ಇಂಥ ವಿಮಾನಚಿತ್ರಗಳಿಂದ ಮಾಡಿದ ಹಳೆಯ ನಕ್ಷೆಯ ಅಳತೆ ಹೊಂದದಿರುವುದಕ್ಕೂ ಕಾರಣವಿದೆ. ಓರೆಯಾಗಿ ತೆಗೆದ ಚಿತ್ರದಲ್ಲಿ ಹತ್ತಿರದ ಬಂಡೆ ದೊಡ್ಡದು, ದೂರದ ಶಿಖರ ಕುಗ್ಗಿದ್ದು. ಅಕ್ಷಾಂಶ-ರೇಖಾಂಶ ಖಚಿತವಾಗಿ ಗೊತ್ತಿರುವ ನೆಲದ ಗುರುತು ಒಂದೆರಡಾದರೂ ಸಿಗದಿದ್ದರೆ ಸಾಲಾಗಿ ಜೋಡಿಸಿದ ಚಿತ್ರಗಳ ಇಡೀ ಪಟ್ಟಿಯೇ ನಕ್ಷೆಯಲ್ಲಿ ಪಕ್ಕಕ್ಕೆ ಜರುಗುತ್ತದೆ. ಇನ್ನು ಈ ಹಿಮನದಿ ಹೋಗಿ ಸೇರುವ, ಸಮುದ್ರದ ಮೇಲೆ ತೇಲುವ ಎಮರಿ ಹಿಮಹಾಸಿನ ಅಂಚು: 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ಸುಮಾರು 1,600 ಚದರ ಕಿ.ಮೀ. ತುಂಡು ಕಳಚಿಹೋಗಿದೆ. ಹಾಗಾಗಿ ನಿಮ್ಮ ಲೇಖನದ ನಕ್ಷೆ ಯಾವ ವರ್ಷದ್ದು, ದಯವಿಟ್ಟು ನಮೂದಿಸಿ.