ಬೆಲೆ ಇಳಿದರೆ ಬೆಳ್ಳಿ ಹೆಚ್ಚುವ ಬೆಟ್ಟ

ಪೇಟೆಯಲ್ಲಿ ಬೆಳ್ಳಿಯ ಬೆಲೆ ಅರ್ಧಕ್ಕೆ ಕುಸಿದ ದಿನವೇ ಬೆಟ್ಟದೊಳಗಿನ ಬೆಳ್ಳಿ ಹೆಚ್ಚಾಗುವುದನ್ನು ನೋಡಬೇಕೆಂದರೆ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸ್ಲೋಕನ್ ಸೀಮೆಗೆ ಹೋಗಿ. ಪವಾಡವೇನಲ್ಲ, ಅದಿರು ಹುಡುಕುವ ಸಣ್ಣ ಕಂಪನಿಗಳು ಷೇರುದಾರರಿಗಾಗಿ ಮಾಡುವ ಬರೀ ಭಾಗಾಕಾರ. ಒಂದು ಟನ್ ಅದಿರಿನಲ್ಲಿ 100 ಗ್ರಾಂ ಬೆಳ್ಳಿ, ಶೇ 3 ಸೀಸ, ಶೇ 4 ಸತು ಇದೆ ಅಂದುಕೊಳ್ಳಿ. ಸೀಸ ಟನ್ನಿಗೆ 2,000 ಡಾಲರ್, ಸತು 2,700 ಡಾಲರ್ ಆದರೆ ಎರಡರ ಪಾಲು ಒಟ್ಟು 168 ಡಾಲರ್. ಬೆಳ್ಳಿ ಔನ್ಸಿಗೆ (31.1 ಗ್ರಾಂ) 30 ಡಾಲರ್ ಇದ್ದಾಗ ಆ ದುಡ್ಡಿಗೆ 174 ಗ್ರಾಂ ಬೆಳ್ಳಿ ಬರುತ್ತದೆ. ಕೂಡಿಸಿ, 274 ಗ್ರಾಂ ‘ಬೆಳ್ಳಿ ಸಮಾನ’ ಎಂದು ಪ್ರಕಟಣೆ ಹೊರಡಿಸಿ. ಬೆಳ್ಳಿ 15 ಡಾಲರಿಗೆ ಇಳಿಯಿತೋ, ಅದೇ ಕಲ್ಲು 448 ಗ್ರಾಂ! ಅದಿರಿನಲ್ಲಿರುವುದೆಲ್ಲ ನೂರಕ್ಕೆ ನೂರು ಕೈಗೆ ಸಿಕ್ಕೇ ಸಿಗುತ್ತದೆ ಎಂದು ಹಿಡಿದ ಲೆಕ್ಕ ಇದು. ಕೂಸು ಹುಟ್ಟುವ ಮುಂಚೆ ಕುಲಾವಿ.

ಕೂಸಿನ ವಿಷಯಕ್ಕೆ ಬರೋಣ. ಸ್ಲೋಕನ್‌ನಲ್ಲಿರುವುದು ಟ್ರಯಾಸಿಕ್ ಕಾಲದ ಆರ್ಜಿಲೈಟ್ ಎಂಬ ಜೇಡಿಕಲ್ಲು, ಸುಣ್ಣಕಲ್ಲು, ಕ್ವಾರ್ಟ್ಜೈಟ್ ಎಂಬ ಗಟ್ಟಿ ಮರಳುಗಲ್ಲಿನ ಪದರಗಳು. ಒತ್ತಿಗೆ ಜುರಾಸಿಕ್ ಕಾಲದ ನೆಲ್ಸನ್ ಗ್ರಾನೈಟ್. ಪದರಗಳನ್ನು ಸೀಳಿದ ಬಿರುಕುಗಳಲ್ಲಿ ಕ್ವಾರ್ಟ್ಜ್, ಸಿಡರೈಟ್ ಖನಿಜಗಳ ಜೊತೆ ಗೆಲೀನಾ (ಸೀಸದ ಅದಿರು), ಸ್ಫ್ಯಾಲರೈಟ್ (ಸತುವಿನ ಅದಿರು) ತುಂಬಿಕೊಂಡಿವೆ. ಬೆಳ್ಳಿ ಅಡಗಿರುವುದು ಹೆಚ್ಚಾಗಿ ಗೆಲೀನಾದ ಹೊಟ್ಟೆಯಲ್ಲಿನ ಟೆಟ್ರಾಹೆಡ್ರೈಟ್ ಎಂಬ ಇನ್ನೊಂದು ಖನಿಜದ ಚುಕ್ಕೆಗಳಲ್ಲಿ. ಗಟ್ಟಿ ಕಲ್ಲಿನಲ್ಲಿ ಬಿರುಕು ಬಾಯಿ ತೆರೆದುಕೊಂಡಿರುತ್ತದೆ, ಅದಿರು ಕೂರುತ್ತದೆ. ಮೆತ್ತನೆಯ ಆರ್ಜಿಲೈಟ್‌ಗೆ ಬಂದೊಡನೆ ಬಿರುಕು ಹಿಸುಕಿಹೋಗಿ ಬೆರಳಗಲದ ಕರಿ ಜೇಡಿಯಷ್ಟೇ ಉಳಿಯುತ್ತದೆ. ಅವರೆಕಾಯಿಯ ಹಾಗೆ: ಕಾಳಿದ್ದಲ್ಲಿ ಉಬ್ಬು, ಮಿಕ್ಕದ್ದು ಸಿಪ್ಪೆ. ಉಬ್ಬನ್ನು ಅಳೆದು ಇಡೀ ಕಾಯಿಯ ತೂಕ ಹೇಳುವುದೇ ಈ ದಂಧೆಯ ಜಾಣ್ಮೆ.

1891ರಲ್ಲಿ ಕಾರ್ಪೆಂಟರ್ ಮತ್ತು ಸೀಟನ್ ಎಂಬಿಬ್ಬರು ಇಲ್ಲಿ ಪೇನ್ ಗಣಿಯ ಎಳೆಯನ್ನು, ಅಂದರೆ ಅದಿರು ತುಂಬಿದ ಬಿರುಕನ್ನು, ಕಂಡರು. ಮರುವರ್ಷಗಳಲ್ಲಿ ಸ್ಯಾಂಡನ್ ಪಟ್ಟಣವೆದ್ದಿತು. ಆ ಇಕ್ಕಟ್ಟಿನ ಕಣಿವೆಗೆ ಎರಡೆರಡು ರೈಲು ಕಂಪನಿಗಳು ಜಗಳವಾಡಿಕೊಂಡು ಬಂದವು. ಅಂದಿನವರು ಅದಿರನ್ನು ಕೈಯಲ್ಲಿ ಆರಿಸುತ್ತಿದ್ದರು. ಗೆಲೀನಾ ಚೀಲಕ್ಕೆ, ಚಳಿಗಾಲದಲ್ಲಿ ಹಸಿ ಚರ್ಮದಲ್ಲಿ ಸುತ್ತಿ ಕುದುರೆಯಿಂದ ಹಿಮದ ಮೇಲೆ ಎಳೆಸುವುದು. ಸತು ಹೆಚ್ಚಿದ್ದರೆ ಸೀಸದ ಕುಲುಮೆಯವರು ದಂಡ ಹಾಕುತ್ತಿದ್ದರು, ಹಾಗಾಗಿ ಸ್ಫ್ಯಾಲರೈಟ್ ಸುರಂಗದ ಬಾಯಿಯ ರಾಶಿಗೆ. ಹಳೆಯ ದಾಖಲೆಯಲ್ಲಿ ಟನ್ನಿಗೆ ಸಾವಿರಾರು ಗ್ರಾಂ ಬೆಳ್ಳಿ ಕಂಡರೆ ಅದು ಎಳೆಯ ಗುಣವಲ್ಲ, ಆರಿಸಿದ ಕೈಯ ಗುಣ.

ಇಂದಿನ ಭೂವಿಜ್ಞಾನಿ ಅದೇ ರಾಶಿಯ ಮೇಲೆ ನಿಂತು ಮಿಂಚುವ ಕಲ್ಲನ್ನೇ ಹೆಕ್ಕಿ ಪ್ರಯೋಗಾಲಯಕ್ಕೆ ಕಳಿಸುತ್ತಾನೆ. ಫಲಿತಾಂಶದ ಬಾಲಕ್ಕೆ ‘ವರೆಗೆ’ ಎಂಬ ಮೂರಕ್ಷರ ಅಂಟಿಸಿದರೆ ಆಯಿತು. ‘2,800 ಗ್ರಾಂವರೆಗೆ’ ಅಂದರೆ ಸೊನ್ನೆಯೂ ಅದರೊಳಗೇ ಬರುತ್ತದಲ್ಲ, ಸುಳ್ಳೆಲ್ಲಿ?

ಆಮೇಲೆ ಡ್ರಿಲ್ಲಿಂಗ್. ಕಡಿದಾದ ಇಳಿಜಾರು, ಯಂತ್ರ ನಿಲ್ಲಿಸಲು ಸಮತಟ್ಟು ಜಾಗ ಒಂದೋ ಎರಡೋ. ಅಲ್ಲಿಂದ ಕೊರೆದ ರಂಧ್ರ ಎಳೆಯನ್ನು 10 ಡಿಗ್ರಿಯ ಓರೆಯಲ್ಲಿ ಸವರಿಕೊಂಡು ಹೋದರೆ 60 ಸೆಂಟಿಮೀಟರಿನ ಎಳೆ ಹೊರತೆಗೆದ ಕಲ್ಲಿನ ಕೋಲಿನಲ್ಲಿ, ಅಂದರೆ ಕೋರ್‌ನಲ್ಲಿ ಸುಮಾರು ಮೂರೂವರೆ ಮೀಟರ್ ಆಗಿ ಮಲಗಿರುತ್ತದೆ. ಜೇಡಿ ಬಂದ ಕಡೆ ಕೋರ್ ಪುಡಿಯಾಗಿ ನೀರಿನ ಜೊತೆ ಹೋಗಿರುತ್ತದೆ. ಏನು ಹೋಯಿತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಇಲ್ಲದ ಚಿನ್ನ ತೋರಿಸಿದ ಬ್ರೀ-ಎಕ್ಸ್ ಕಂಪನಿಯ ಹಗರಣ 1997ರಲ್ಲಿ ಸ್ಫೋಟವಾದ ಮೇಲೆ, 2001ರಲ್ಲಿ ಬಂದ, ಗಣಿ ಪ್ರಕಟಣೆಗಳ ಮೇಲಿನ ಕೆನಡಾದ 43-101 ನಿಯಮ ‘ತಿಳಿದಷ್ಟರ ಮಟ್ಟಿಗೆ ನಿಜ ದಪ್ಪ ಹೇಳಿ’ ಅನ್ನುತ್ತದೆ. ಹೇಳುತ್ತಾರೆ: ‘ನಿಜ ದಪ್ಪ ಸದ್ಯಕ್ಕೆ ತಿಳಿದಿಲ್ಲ’. ನೂರು ವರ್ಷದ ಹಿಂದೆ ಅದರೊಳಗೇ ಸುರಂಗ ಕೊರೆದು ಪಕ್ಕೆ ಉಜ್ಜಿಕೊಂಡು ಓಡಾಡಿದವರಿಗೆ ತಿಳಿದಿತ್ತು, ಪಾಪ.

150 ಮೀಟರ್ ಉದ್ದ, 60 ಮೀಟರ್ ಆಳ, 0.6 ಮೀಟರ್ ದಪ್ಪ, ಸಾಂದ್ರತೆ 3.2 ಅಂತ ಉದಾರವಾಗಿ, ಎಲ್ಲಿಯೂ ಹಿಸುಕಿಲ್ಲವೆಂದೇ ಹಿಡಿಯಿರಿ: ಸುಮಾರು 17,000 ಟನ್. ದಿನಕ್ಕೆ 200 ಟನ್ ಅರೆಯುವ ಸಣ್ಣ ಮಿಲ್ಲಿಗೆ ಮೂರು ತಿಂಗಳ ಊಟವೂ ಅಲ್ಲ. ಮನುಷ್ಯ ನಿಂತು ಕೆಲಸ ಮಾಡಲು 1.2 ಮೀಟರ್ ಅಗಲ ಬಿಡಿಸಿದರೆ ಅರ್ಧ ಬರೀ ಕಲ್ಲು, ಸಾರವೂ ಅರ್ಧ. ಈ ಲೆಕ್ಕ ಪ್ರಕಟಣೆಯಲ್ಲಿ ಕಾಣುವುದಿಲ್ಲ. ‘ಎಳೆ ಎಲ್ಲ ದಿಕ್ಕಿಗೂ ತೆರೆದಿದೆ’ ಎಂದಿರುತ್ತದೆ. ಯಾವ ದಿಕ್ಕಿಗೂ ಕೊರೆದಿಲ್ಲ ಎಂಬುದರ ಸಭ್ಯ ರೂಪ ಅದು.

ದುಡ್ಡು ಮುಗಿದಾಗ ವಾರ್ಷಿಕ ಕೆಲಸದ ಲೆಕ್ಕ ಸಲ್ಲಿಸದೆ ಆ ಜಾಗದಲ್ಲಿ ಅದಿರು ಹುಡುಕುವ ಹಕ್ಕು ರದ್ದಾಗುತ್ತದೆ. ಅದನ್ನು ಇನ್ನೊಬ್ಬರು ಹಿಡಿಯಲು 2005ರಿಂದ ನೆಲದಲ್ಲಿ ಗೂಟ ನೆಡುವ ಕಷ್ಟವೂ ಇರಲಿಲ್ಲ. ಕಂಪ್ಯೂಟರ್ ನಕ್ಷೆಯ ಮೇಲೆ ಒಂದು ಕ್ಲಿಕ್, ಹೆಕ್ಟೇರಿಗೆ 1.75 ಡಾಲರ್, 21 ಹೆಕ್ಟೇರಿನ ಚೌಕಕ್ಕೆ 36 ಡಾಲರ್ 75 ಸೆಂಟ್. ನ್ಯಾಯಾಲಯ ಕಿವಿ ಹಿಂಡಿದ ಮೇಲೆ, 2025ರ ಮಾರ್ಚ್ 26ರಿಂದ, ಸರ್ಕಾರ ಆ ನೆಲದ ಮೂಲನಿವಾಸಿಗಳ ಜೊತೆ ಸಮಾಲೋಚಿಸಿದ ಮೇಲೆಯೇ ಹಕ್ಕು. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಆ ಬಿಡುವಿನಲ್ಲಿ ಹಳೆಯ ಎಳೆಗೆ ಹೊಸ ಹೆಸರು ಹುಡುಕಬಹುದು. ‘ಸಿಲ್ವರ್’ ಇರಲಿ, ‘ಕಿಂಗ್’ ಇದ್ದರೆ ಇನ್ನೂ ಚೆನ್ನ. ‘ಲೆಡ್’ ಮಾತ್ರ ಬೇಡ.