ಒಗ್ಗರಣೆ ಡಬ್ಬಿಯಿಂದ ಶುರುವಾಗುವ ಇಂಗ್ಲಿಷ್

ಕಳೆದ ವರ್ಷ ನಡೆದದ್ದು. ನಮ್ಮ ಪ್ಲಸ್ ಟು ಹುಡುಗನೊಬ್ಬ ಟ್ರೈನಿಂಗ್‌ಗೆ ಅಂತ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಬೇಕಲದ ಕಡೆಯ ಒಂದು ರೆಸಾರ್ಟಿಗೆ ಹೋಗಿದ್ದ. ಮಧ್ಯಾಹ್ನ ಊಟಕ್ಕೆ ಕೂತಿದ್ದ ವಿದೇಶಿ ಹೆಂಗಸೊಬ್ಬರು ಮೀನು ಕರಿ ತೋರಿಸಿ, ಇದರಲ್ಲಿ ಮಸ್ಟರ್ಡ್ ಇದೆಯಾ ಅಂತ ಕೇಳಿದರು. ಇವನು ನಗುನಗುತ್ತಾ "ನೋ ಮ್ಯಾಡಮ್" ಅಂದ. ಸುಳ್ಳು ಹೇಳಿದ್ದಲ್ಲ. ಅವನಿಗೆ ಗೊತ್ತಿದ್ದ ಮಸ್ಟರ್ಡ್ ಅಂದರೆ ಬಾಟಲಿಯಲ್ಲಿ ಬರುವ ಹಳದಿ ಸಾಸ್. ಸರ್ವಿಸ್ ಪಾಠದಲ್ಲಿ ಅದನ್ನೇ ಓದಿದ್ದ, ಪರೀಕ್ಷೆಯಲ್ಲಿ ಅದನ್ನೇ ಬರೆದು ಮಾರ್ಕೂ ತಗೊಂಡಿದ್ದ. ಕರಿಯ ಮೇಲೆ ತೇಲುತ್ತಿದ್ದ ಒಗ್ಗರಣೆಯ ಕಪ್ಪು ಕಾಳಿಗೂ ಅದೇ ಹೆಸರು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಪುಣ್ಯಕ್ಕೆ ಹಿಂದೆ ನಿಂತಿದ್ದ ಸೀನಿಯರ್ ಒಬ್ಬರ ಕಿವಿಗೆ ಬಿತ್ತು, ಅವರು ಓಡಿ ಬಂದು ತಟ್ಟೆ ಎತ್ತಿಕೊಂಡರು. ಆಕೆಗೆ ಸಾಸಿವೆ ಅಲರ್ಜಿ.

ಟ್ರೈನಿಂಗ್ ಮುಗಿಸಿ ಬಂದವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ, "ಟೀಚರೇ, ಮಸ್ಟರ್ಡ್ ಅಂದ್ರೆ ನಮ್ಮ ಸಾಸಿವೆಯಾ?"

ಎರಡು ವರ್ಷ ಅವನಿಗೆ ಇಂಗ್ಲಿಷ್ ಕಲಿಸಿದ್ದು ನಾನು.

ಅವತ್ತಿನಿಂದ ಇದೇ ತಲೆಯಲ್ಲಿ ಕೂತಿದೆ. ಪ್ರವಾಸೋದ್ಯಮ, ಹೋಟೆಲ್ ಕೆಲಸ, ಅಡುಗೆ ಅಂತ ವೊಕೇಶನಲ್ ಕೋರ್ಸಿಗೆ ಬರುವ ಮಕ್ಕಳಿಗೆ ನಾವು ಕಲಿಸುವ ಇಂಗ್ಲಿಷ್ ಯಾವುದು? ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡು, ಹೆಡ್‌ಮಾಸ್ಟರಿಗೆ ರಜಾ ಅರ್ಜಿ ಬರೆ, ಬಯೋಡೇಟಾ ಬರೆ. ಪಕ್ಕದ ರೂಮಿನಲ್ಲೇ ಇವರ ಪ್ರಾಕ್ಟಿಕಲ್ ಕಿಚನ್ ಇದೆ, ಇಂಗ್ಲಿಷ್ ಟೀಚರ್ ಅದರ ಒಳಗೆ ಕಾಲಿಡುವುದೇ ಇಲ್ಲ. ನಾನೂ ಇಟ್ಟಿರಲಿಲ್ಲ.

ಈಗ ಇಡುತ್ತೇನೆ. ಮೊದಲ ಪಾಠಕ್ಕೆ ಪುಸ್ತಕ ಬೇಡ, ಮನೆಯಿಂದ ಒಗ್ಗರಣೆ ಡಬ್ಬಿ ತನ್ನಿ ಅಂದೆ. ಸಾಸಿವೆ, ಜೀರಿಗೆ, ಮೆಂತೆ, ಉದ್ದಿನ ಬೇಳೆ, ಒಣಮೆಣಸು, ಇಂಗು. ಒಂದೊಂದನ್ನೂ ಅಂಗೈಯಲ್ಲಿಟ್ಟು ಮೂಸಿ, ಹೆಸರು ಹೇಳಿ, ಇದು ಯಾವ ಯಾವ ಪದಾರ್ಥಕ್ಕೆ ಬೀಳುತ್ತದೆ ಅಂತ ಪಟ್ಟಿ ಮಾಡಿದೆವು. ಯುರೋಪಿನಲ್ಲಿ 2014ರಿಂದ ಹೋಟೆಲಿನವರು 14 ಅಲರ್ಜಿ ಪದಾರ್ಥಗಳ ಬಗ್ಗೆ ಗಿರಾಕಿಗೆ ಹೇಳಲೇಬೇಕು ಅಂತ ಕಾನೂನು ಇದೆ. ಗೋಧಿ, ಹಾಲು, ಮೊಟ್ಟೆ, ನೆಲಗಡಲೆ, ಎಳ್ಳು ಎಲ್ಲ ಅದರಲ್ಲಿವೆ. ಸಾಸಿವೆಯೂ ಇದೆ. ಮರುವಾಯಿ, ಕಲ್ಲುಮ್ಮಕಾಯಿಯಂಥ ಚಿಪ್ಪಿನ ಜೀವಿಗಳೂ ಇವೆ. ಅಂದರೆ ಅಲ್ಲಿಂದ ಬರುವ ಗೆಸ್ಟ್ ಕೇಳುವ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಕೇಳಿ ಅಭ್ಯಾಸ ಇರುತ್ತದೆ, ಉತ್ತರವನ್ನು ನಂಬಿಯೇ ಬಾಯಿಗೆ ಇಡುತ್ತಾರೆ.

ಅವತ್ತೇ ಒಬ್ಬಳು ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಡುವವಳೇ ಅಲ್ಲ, ಇಂಗಿನ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುತ್ತಾ ಕೂತಿದ್ದಳು. "ಟೀಚರೇ, ಇದರಲ್ಲಿ ವೀಟ್ ಫ್ಲೋರ್ ಅಂತ ಉಂಟು." ಹೌದು, ಅಂಗಡಿಯಲ್ಲಿ ಸಿಗುವ ಇಂಗಿಗೆ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಗೋಧಿ ತಿನ್ನಬಾರದವರಿಗೆ ಬರೀ ಅಕ್ಕಿ ದೋಸೆ ಸಾಂಬಾರ್ ಕೊಟ್ಟು ಏನೂ ತೊಂದರೆ ಇಲ್ಲ ಅಂದುಕೊಂಡರೆ ಸಾಂಬಾರಿನ ಇಂಗಿನಲ್ಲಿ ಗೋಧಿ ಕೂತಿರಬಹುದು. ಆ ಹುಡುಗಿ ಒಂದು ಲೇಬಲ್ ಓದಿ ಕಂಡುಕೊಂಡದ್ದು ನನ್ನ ಹತ್ತು ಗ್ರಾಮರ್ ಪಾಠಕ್ಕಿಂತ ಜಾಸ್ತಿ.

ಇನ್ನೊಂದು ವಿಷಯ ಹೇಳಬೇಕು, ಇದು ನಮ್ಮ ಮಕ್ಕಳ ಮೇಲೆ ಬರುವ ದೂರು. "ಕಾಸರಗೋಡಿನ ಕಡೆಯ ಹುಡುಗರು ಒರಟು, ಗೆಸ್ಟಿನ ಹತ್ತಿರ ಮಾತಾಡಲು ಬರುವುದಿಲ್ಲ" ಅಂತ ಒಬ್ಬ ಮ್ಯಾನೇಜರ್ ನನಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಕಾರಣ ಏನು ಅಂದರೆ ಹುಡುಗ ಗೆಸ್ಟಿಗೆ "ಕಮ್, ಸಿಟ್" ಅಂದನಂತೆ. ಅವನ ಮನಸ್ಸಿನಲ್ಲಿ ಇದ್ದದ್ದು "ಬನ್ನಿ, ಕೂತುಕೊಳ್ಳಿ". ಮನೆಯಲ್ಲಿ ತುಳುವಿನಲ್ಲಿ "ಬಲೆ, ಕುಲ್ಲುಲೆ". ನಮ್ಮ ಮಾತಿನಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ. ಬಾ ಬೇರೆ, ಬನ್ನಿ ಬೇರೆ. ಇಂಗ್ಲಿಷಿನಲ್ಲಿ ಆ ಬಾಲವೇ ಇಲ್ಲ, ಅದಕ್ಕೆ ಅವರು ಮರ್ಯಾದೆಯನ್ನು ಮಾತಿನ ಮುಂದೆ ತಂದು ಇಡುತ್ತಾರೆ: "ವುಡ್ ಯು ಲೈಕ್ ಟು" ಅಂತಲೋ, "ಕುಡ್ ಐ" ಅಂತಲೋ. ಇದನ್ನು ಹೀಗೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ, ಮಕ್ಕಳ ಮುಖದಲ್ಲೇ ಗೊತ್ತಾಗುತ್ತದೆ. ಹುಡುಗ ಒರಟಲ್ಲ. ಅವನ ಮರ್ಯಾದೆ ಭಾಷೆ ದಾಟುವಾಗ ಕಳೆದುಹೋಗಿದೆ, ಅಷ್ಟೇ.

ಆದರೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಎಲ್ಲಿದ್ದಾರೆ? ಮಂಜೇಶ್ವರ, ಪೈವಳಿಕೆ, ಬದಿಯಡ್ಕ, ಎಣ್ಮಕಜೆ ಕಡೆಯಿಂದ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳು ಬರುತ್ತಾರೆ. ಇಲ್ಲಿ ಎಷ್ಟೋ ಕಡೆ ಇಂಗ್ಲಿಷ್ ಪದಕ್ಕೆ ಅರ್ಥ ಹೇಳುವುದು ಮಲಯಾಳದಲ್ಲಿ. ಮಲಯಾಳ ಬಸ್ಸಿನಲ್ಲಿ, ಪೇಟೆಯಲ್ಲಿ ಮಾತಾಡುವಷ್ಟು ಬರುತ್ತದೆ, ಪಾಠ ಕೇಳುವಷ್ಟು ಎಲ್ಲರಿಗೂ ಬರುವುದಿಲ್ಲ. ಮಲಯಾಳದ ಮೇಲೆ ನನಗೆ ಯಾವ ಕೋಪವೂ ಇಲ್ಲ, ನನ್ನ ಅರ್ಧ ಗೆಳತಿಯರು ಮಲಯಾಳದವರೇ. ಆದರೆ ಗೊತ್ತಿಲ್ಲದ ಒಂದು ಭಾಷೆಯನ್ನು ಅರೆಬರೆ ಗೊತ್ತಿರುವ ಇನ್ನೊಂದರಲ್ಲಿ ಕಲಿ ಅಂದರೆ ಮಗು ಏನು ಮಾಡಬೇಕು? ಮನೆಯಲ್ಲಿ ತುಳು ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಹೋಟೆಲಿನ ಅಡುಗೆಮನೆಯಲ್ಲಿ ಬಂಗಾಳದ ಹುಡುಗರ ಜೊತೆ ಹಿಂದಿ. ನಾಲ್ಕು ಭಾಷೆ ದಿನಾ ಬಳಸುವ ಮಗುವನ್ನು ನಾವು ಭಾಷೆಯಲ್ಲಿ ವೀಕ್ ಅಂತ ಬರೆದು ಕೂರಿಸುತ್ತೇವೆ. ಇದು ಅನ್ಯಾಯ.

ಇಂಗ್ಲಿಷ್ ಎಂದರೆ ಬೇರೆ ಲೋಕದ್ದು ಅಂತ ಹೆದರುವ ಮಕ್ಕಳಿಗೆ ನಾನು ಅಡಿಕೆಯಿಂದ ಶುರು ಮಾಡುತ್ತೇನೆ. ತೋಟದ ಮಕ್ಕಳೇ ಜಾಸ್ತಿ ಅಲ್ವಾ. ಅರೆಕಾ ಅನ್ನುವ ಇಂಗ್ಲಿಷ್ ಪದ ನಮ್ಮ ಅಡಿಕೆ, ಮಲಯಾಳದ ಅಡಯ್ಕ ಇದೇ ಬಳಗದ್ದು, ಪೋರ್ಚುಗೀಸರ ಬಾಯಿಂದ ದಾಟಿ ಹೋದದ್ದು. ಜ್ಯಾಕ್‌ಫ್ರೂಟಿನ ಜ್ಯಾಕ್ ಅಂದರೆ ಮಲಯಾಳದ ಚಕ್ಕ. ಮ್ಯಾಂಗೋ ಅಂದರೆ ಮಲಯಾಳದ ಮಾಂಙ. ಕೊಪ್ರ ನಮ್ಮ ಕೊಬ್ಬರಿಯ ನೆಂಟ, ಕಾಂಜಿ ನಮ್ಮ ಗಂಜಿಯ ನೆಂಟ. ಇಷ್ಟು ಕೇಳಿದ ಮೇಲೆ ಕ್ಲಾಸಿನ ಹಿಂದಿನ ಬೆಂಚೂ ಎದ್ದು ಕೂರುತ್ತದೆ.

ಅಡುಗೆಯ ಕ್ರಿಯಾಪದ ಇನ್ನೊಂದು ದೊಡ್ಡ ಸಂಕಟ. ಹುರಿಯುವುದಕ್ಕೂ ಕರಿಯುವುದಕ್ಕೂ ಇವರು "ಫ್ರೈ" ಅಂದುಬಿಡುತ್ತಾರೆ. ಎಣ್ಣೆ ಇಲ್ಲದೆ ರವೆ ಹುರಿದದ್ದೂ ಫ್ರೈ, ಹಪ್ಪಳ ಕರಿದದ್ದೂ ಫ್ರೈ. ಎಣ್ಣೆ ತಿನ್ನಬಾರದ ಗೆಸ್ಟಿಗೆ ಇದು ಮುಖ್ಯ. ಇನ್ನು ನಮ್ಮ ಕಡೆಯ ಎಗ್ ರೋಸ್ಟ್ ತಗೊಳ್ಳಿ, ಬೇಯಿಸಿದ ಮೊಟ್ಟೆ, ನೀರುಳ್ಳಿ ಮಸಾಲೆ. ಒವನ್ನಿನಲ್ಲಿ ಸುಟ್ಟದ್ದು ಬರುತ್ತದೆ ಅಂತ ಕಾಯುವವರಿಗೆ ಮೊದಲೇ ಎರಡು ವಾಕ್ಯ ಹೇಳಬೇಕಲ್ಲ?

ಹೆಸರುಗಳನ್ನು ಮಾತ್ರ ಬದಲಾಯಿಸಬೇಡಿ ಅನ್ನುತ್ತೇನೆ. ಪತ್ರೊಡೆ ಪತ್ರೊಡೆಯೇ. ಹೆಸರು ಹೇಳಿ, ಆಮೇಲೆ ಕೆಸುವಿನ ಎಲೆ, ಅಕ್ಕಿ, ಹುಳಿ, ಬೆಲ್ಲ, ಹಬೆಯಲ್ಲಿ ಬೇಯಿಸಿದ್ದು ಅಂತ ಹೇಳಿ. ಗೈಡ್ ಆಗಲು ಹೊರಟವರಿಗೂ ಇದೇ ಮಾತು. ಬೇಕಲ ಕೋಟೆ ಕಟ್ಟಿಸಿದ ಶಿವಪ್ಪ ನಾಯಕ ಕೆಳದಿಯವನು, ಆ ಕತೆಯ ಕನ್ನಡದ ಎಳೆ ನಮ್ಮ ಮಕ್ಕಳ ಕೈಯಲ್ಲೇ ಇದೆ. ಮತ್ತೆ ದಯವಿಟ್ಟು ಭೂತಕೋಲಕ್ಕೆ, ತೆಯ್ಯಕ್ಕೆ "ಡೆವಿಲ್ ಡ್ಯಾನ್ಸ್" ಅನ್ನಬೇಡಿ. ಬ್ರಿಟಿಷರ ಕಾಲದವರು ಹಾಗೆ ಬರೆದಿಟ್ಟರು, ಈಗಲೂ ಒಂದೊಂದು ಬ್ರೋಷರಿನಲ್ಲಿ ನೋಡುತ್ತೇನೆ, ಮೈ ಉರಿಯುತ್ತದೆ. ಅಜ್ಜಿ ಕೈಮುಗಿಯುವ ದೈವವನ್ನು ಮೊಮ್ಮಗ ದುಡ್ಡಿಗಾಗಿ ಡೆವಿಲ್ ಅನ್ನುವ ಹಾಗಾಗಬಾರದು.

ನನ್ನ ಬೇಡಿಕೆ ದೊಡ್ಡದೇನಲ್ಲ. ವಾರಕ್ಕೆ ಎರಡು ಇಂಗ್ಲಿಷ್ ಪೀರಿಯಡ್ ಪ್ರಾಕ್ಟಿಕಲ್ ಕಿಚನ್‌ನಲ್ಲಿ ನಡೆಯಲಿ. ಕನ್ನಡ ಮೀಡಿಯಂನಿಂದ ಬಂದವರಿಗೆ ಪದಗಳ ಅರ್ಥ ಕನ್ನಡದಲ್ಲಿ ಸಿಗಲಿ. ವೈವಾದ ದಿನ ರಜಾ ಅರ್ಜಿಯ ಬಗ್ಗೆ ಕೇಳುವ ಬದಲು ಮೇಜಿನ ಮೇಲೆ ಒಂದು ತಟ್ಟೆ ಪತ್ರೊಡೆ ಇಟ್ಟು, ಪರೀಕ್ಷಕರೇ ಗೆಸ್ಟ್ ಆಗಿ ಕೂತು, ಇದರಲ್ಲಿ ಏನೇನಿದೆ, ಮಸ್ಟರ್ಡ್ ಇದೆಯಾ ಅಂತ ಕೇಳಲಿ.