ಸಣ್ಣ ಕಂಪನಿಗಳ ಸಂಶೋಧನಾ ಅನುದಾನಕ್ಕೆ ಭದ್ರತಾ ಪರಿಶೀಲನೆ ಬೇಕೇ? ಪರ–ವಿರೋಧ

ಪರ: ನೋಡುವುದಾದರೆ ಬಾಗಿಲಲ್ಲೇ ನೋಡಬೇಕು

ಅಮೆರಿಕ 1982ರಲ್ಲಿ ಎಸ್‌ಬಿಐಆರ್ (ಸಣ್ಣ ಉದ್ಯಮಗಳ ನಾವೀನ್ಯ ಸಂಶೋಧನೆ) ಯೋಜನೆಯನ್ನು ಕಾನೂನಾಗಿ ತಂದದ್ದು ಸರ್ಕಾರದ ಸಂಶೋಧನಾ ಹಣದಲ್ಲಿ ಸಣ್ಣ ಕಂಪನಿಗಳಿಗೂ ಪಾಲು ಸಿಗಲೆಂದು. ಹೊರಗಿನವರಿಂದ ಸಂಶೋಧನೆ ಮಾಡಿಸಲು ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡುವ ಪ್ರತಿ ಇಲಾಖೆಯೂ ಆ ಮೊತ್ತದ ಶೇ 3.2ರಷ್ಟನ್ನು ಇಂಥ ಕಂಪನಿಗಳಿಗೆ ಮೀಸಲಿಡಬೇಕೆಂಬ ನಿಯಮ ಬಂದಿದೆ. ಅತಿ ದೊಡ್ಡ ಪಾಲು ರಕ್ಷಣಾ ಇಲಾಖೆಯದು.

ಈ ಹಣದ ವಿಶೇಷವೆಂದರೆ, ಕೊಟ್ಟ ಸರ್ಕಾರ ಕಂಪನಿಯಲ್ಲಿ ಷೇರು ಕೇಳುವುದಿಲ್ಲ. ಖಾಸಗಿ ಹೂಡಿಕೆದಾರ ಆಡಳಿತ ಮಂಡಳಿಯಲ್ಲಿ ಕುಳಿತು, ನಾಳೆ ಯಾರು ಹೊಸದಾಗಿ ಒಳಬರುತ್ತಾರೆ ಎಂಬುದನ್ನು ಕಣ್ಣಾರೆ ನೋಡುತ್ತಿರುತ್ತಾನೆ; ಸರ್ಕಾರಕ್ಕೆ ಆ ಕುರ್ಚಿ ಇಲ್ಲ. ಮೇಲಾಗಿ, ಒಮ್ಮೆ ಆಯ್ಕೆಯಾದ ಕಂಪನಿಯ ಉತ್ಪನ್ನವನ್ನು ಮೂರನೆಯ ಹಂತದಲ್ಲಿ (ಮೊದಲನೆಯದು ಕಲ್ಪನೆಯ ಪರೀಕ್ಷೆ, ಎರಡನೆಯದು ಅದರ ಅಭಿವೃದ್ಧಿ, ಮೂರನೆಯದು ಬಳಕೆ) ಮತ್ತೆ ಸ್ಪರ್ಧೆಯಿಲ್ಲದೆ ನೇರವಾಗಿ ಖರೀದಿಸಬಹುದು. ಅಂದರೆ, ಇಂದು ಸಣ್ಣದಾಗಿ ಕಾಣುವ ಅನುದಾನವೇ ನಾಳೆ ಸೇನೆಯ ಉಪಕರಣದೊಳಗೆ ಸೇರುವ ತಂತ್ರಜ್ಞಾನಕ್ಕೆ ದಾರಿಯಾಗುತ್ತದೆ. ಅಲ್ಲಿಗೆ ತಲುಪಿದ ಮೇಲೆ ಮಾಲೀಕತ್ವದ ಹಿಂದೆ ಬೇರೆ ದೇಶವೊಂದರ ಹಣವಿದೆ ಎಂದು ತಿಳಿದರೆ, ಆ ತಿಳಿವಳಿಕೆಯಿಂದ ಯಾರಿಗೆ ಏನು ಪ್ರಯೋಜನ?

2022ರ ಸೆಪ್ಟೆಂಬರ್‌ನಲ್ಲಿ ಈ ಯೋಜನೆಯ ಅವಧಿಯನ್ನು ವಿಸ್ತರಿಸಿದ ಕಾಯ್ದೆ ಕೇಳಿದ್ದೂ ಅಸಾಧ್ಯವಾದುದನ್ನೇನಲ್ಲ. ಸೈಬರ್ ಭದ್ರತೆ, ಪೇಟೆಂಟ್‌ಗಳು, ಸಿಬ್ಬಂದಿ, ವಿದೇಶಿ ಮಾಲೀಕತ್ವ ಮತ್ತು ಹಣಕಾಸಿನ ನಂಟು ಇವಿಷ್ಟನ್ನು ಪರಿಶೀಲಿಸುವ ವ್ಯವಸ್ಥೆಯನ್ನು ಪ್ರತಿ ಇಲಾಖೆಯೂ 270 ದಿನಗಳೊಳಗೆ ಕಟ್ಟಬೇಕೆಂದು ಅದು ವಿಧಿಸಿತು. ಚೀನಾ, ರಷ್ಯಾ, ಇರಾನ್, ಉತ್ತರ ಕೊರಿಯಾ ದೇಶಗಳನ್ನು ಹೆಸರಿಸಿಯೇ ಎಚ್ಚರಿಸಿತು. ಸುಳ್ಳು ಮಾಹಿತಿ ಕೊಟ್ಟವರಿಂದ ಹಣ ವಾಪಸು ಪಡೆಯುವ ಅಧಿಕಾರವೂ ಅದರಲ್ಲಿದೆ. ಸಾರ್ವಜನಿಕ ಹಣ ಕೇಳುವವರು ತಮ್ಮ ಹಿಂದೆ ಯಾರಿದ್ದಾರೆಂದು ಹೇಳುವುದು ಅವಮಾನವಲ್ಲ.

ವಿರೋಧ: ನಂಟೆಲ್ಲ ಅಪಾಯವಲ್ಲ

ಪರಿಶೀಲನೆಯೇ ಬೇಡವೆಂದು ವಾದಿಸುವವರು ಕಡಿಮೆ. ನಾನೂ ಅವರಲ್ಲಿ ಒಬ್ಬನಲ್ಲ. ಆಕ್ಷೇಪವಿರುವುದು ಅದು ನಡೆಯುವ ರೀತಿಯ ಬಗ್ಗೆ. ಎಸ್‌ಬಿಐಆರ್ ನಿಯಮದಲ್ಲಿ 500 ನೌಕರರಿರುವ ಕಂಪನಿಯೂ ‘ಸಣ್ಣದು’, ನಾಲ್ಕೇ ಜನರಿರುವುದೂ ‘ಸಣ್ಣದು’. ಮೊದಲನೆಯದಕ್ಕೆ ವಕೀಲರಿರುತ್ತಾರೆ. ಎರಡನೆಯದರಲ್ಲಿ ಪ್ರಯೋಗಾಲಯ ನಡೆಸುವ ಸ್ಥಾಪಕಿಯೇ ರಾತ್ರಿ ಕುಳಿತು, ಹಿಂದಿನ ಐದು ವರ್ಷಗಳಲ್ಲಿ ಕಾಯ್ದೆ ಹೆಸರಿಸಿದ ಆ ದೇಶಗಳಿಗೆ ತಂತ್ರಜ್ಞಾನದ ಪರವಾನಗಿ ಕೊಟ್ಟದ್ದುಂಟೇ, ಹೊರದೇಶದ ಹೂಡಿಕೆ ಬಂದದ್ದುಂಟೇ ಎಂಬ ಪ್ರಶ್ನೆಗಳಿಗೆ ಉತ್ತರ ತುಂಬಬೇಕು. ಮೊದಲ ಹಂತದ ಹಣ ಮುಗಿದು ಎರಡನೆಯದು ಬರುವವರೆಗಿನ ಅಂತರದಲ್ಲಿ ಸಂಬಳ ಕೊಡಲಾಗದೆ ಒದ್ದಾಡುವ ಇಂಥ ಕಂಪನಿಗೆ ಪರಿಶೀಲನೆಯ ಹೆಸರಿನಲ್ಲಿ ಇನ್ನೆರಡು ತಿಂಗಳು ಕಾಯುವುದೆಂದರೆ ಎಂಜಿನಿಯರ್ ಒಬ್ಬರನ್ನು ಕಳೆದುಕೊಂಡಂತೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ‘ನಂಟು’ ಎಂದರೇನು ಎಂಬುದು. ವಿಜ್ಞಾನಿಗಳು ದೇಶ ದಾಟಿ ಓದುತ್ತಾರೆ, ಜೊತೆಗೂಡಿ ಪ್ರಬಂಧ ಬರೆಯುತ್ತಾರೆ, ಪೇಟೆಂಟ್ ಹಂಚಿಕೊಳ್ಳುತ್ತಾರೆ. ಕಂಪನಿಯ ಅರ್ಧಕ್ಕಿಂತ ಹೆಚ್ಚು ಒಡೆತನ ಅಮೆರಿಕದ ನಾಗರಿಕರ ಇಲ್ಲವೇ ಕಾಯಂ ನಿವಾಸಿಗಳ ಕೈಯಲ್ಲಿರಬೇಕೆನ್ನುವ ಕಾನೂನೇ ವಲಸೆ ಬಂದವರನ್ನು ಒಳಗೆ ಬಿಟ್ಟಿರುವಾಗ, ಅವರ ಹಳೆಯ ಸಹೋದ್ಯೋಗಿಯ ಊರು ಯಾವುದೆಂಬುದನ್ನು ಅಪಾಯದ ಲೆಕ್ಕಕ್ಕೆ ಸೇರಿಸುವುದು ವಿಚಿತ್ರವಾಗಿ ಕಾಣುತ್ತದೆ. ಶಂಕೆ ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು ಆ ದೇಶ ಆಗಲೇ ಕಂಡಿದೆ. ಚೀನಾ ಪರ ಬೇಹುಗಾರಿಕೆ, ತಂತ್ರಜ್ಞಾನ ಕಳವು ತಡೆಯಲೆಂದು 2018ರಲ್ಲಿ ನ್ಯಾಯಾಂಗ ಇಲಾಖೆ ಆರಂಭಿಸಿದ ‘ಚೀನಾ ಇನಿಶಿಯೇಟಿವ್’ ಕಾಲದಲ್ಲಿ, 2021ರ ಜನವರಿಯಲ್ಲಿ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗ್ಯಾಂಗ್ ಚೆನ್ ಅವರನ್ನು ಚೀನಾದ ಸಂಪರ್ಕಗಳನ್ನು ಮುಚ್ಚಿಟ್ಟ ಆರೋಪದ ಮೇಲೆ ಬಂಧಿಸಲಾಯಿತು; ಸುಮಾರು ಒಂದು ವರ್ಷದ ಬಳಿಕ ಸರ್ಕಾರವೇ ಆರೋಪಗಳನ್ನು ಹಿಂತೆಗೆದುಕೊಂಡಿತು. 2022ರ ಫೆಬ್ರುವರಿಯಲ್ಲಿ ಆ ಕಾರ್ಯಕ್ರಮವೂ ನಿಂತಿತು. ಚೆನ್ ಪರವಾಗಿ ಅವರ ವಿಶ್ವವಿದ್ಯಾಲಯ ನಿಂತಿತ್ತು, ವಕೀಲರ ಖರ್ಚನ್ನೂ ಭರಿಸಿತ್ತು. ನಾಲ್ಕು ಜನರ ಕಂಪನಿಯ ಪರ ಯಾರು ನಿಲ್ಲುತ್ತಾರೆ?

ನಿಜವಾಗಿ ಮುಚ್ಚಿಡಬೇಕೆಂದಿರುವವರು ಮೂರು ಪದರದ ಹೂಡಿಕೆ ನಿಧಿಗಳ ಹಿಂದೆ ಅಡಗಬಲ್ಲರು. ಅರ್ಜಿಯಲ್ಲಿ ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದವರೇ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಹಾಗಾಗಿ ನಿರಾಕರಣೆಗೆ ಲಿಖಿತ ಕಾರಣ ಬೇಕು. ಸಂಶಯಕ್ಕೆ ಎಡೆಯಾದ ಒಪ್ಪಂದವನ್ನು ಕೈಬಿಟ್ಟು ಮತ್ತೆ ಬರಲು ಅವಕಾಶವೂ ಬೇಕು. ಮಾಲೀಕತ್ವ ಬದಲಾದರೆ 30 ದಿನಗಳೊಳಗೆ ತಿಳಿಸಬೇಕೆಂದು ಕಂಪನಿಗೆ ವಿಧಿಸುವ ಇಲಾಖೆ, ಅರ್ಜಿ ತಿರಸ್ಕರಿಸಿದ ಕಾರಣವನ್ನು ಅಷ್ಟೇ ದಿನಗಳಲ್ಲಿ ತಿಳಿಸಲು ತಾನೂ ಒಪ್ಪಿಕೊಳ್ಳಲಿ.